ಬಸ್ಸಿನಲ್ಲಿ ಎದ್ದು ನಿಲ್ಲುವ ಶಿವಯೋಗಪ್ಪ

ಭದ್ರಾವತಿಯಿಂದ ಹೊರಟ ಬಸ್ಸು ತುಂಗೆಯ ಸೇತುವೆ ದಾಟಿ ಶಿವಮೊಗ್ಗದ ಬಿ.ಎಚ್. ರಸ್ತೆಯ ಗದ್ದಲಕ್ಕೆ ಮೂಗು ತೂರಿಸುವ ಹೊತ್ತಿಗೆ ಸರಿಯಾಗಿ ಶಿವಯೋಗಪ್ಪ ಸೀಟು ಬಿಟ್ಟು ಎದ್ದು ನಿಲ್ಲುತ್ತಾನೆ. ಇಳಿಯುವುದಕ್ಕಲ್ಲ, ಅವನು ಇಳಿಯುವ ಸ್ಟಾಪು ಇನ್ನೂ ಮುಂದಿದೆ. ರಸ್ತೆಯ ಎಡಕ್ಕೆ ಹಳದಿ ಬಣ್ಣದ ಒಂದು ಸಭಾಭವನವಿದೆ. ಅದಕ್ಕೆ ಬೆನ್ನು ತೋರಿಸಿ, ಎದೆ ಸೆಟೆಸಿ, ಭವನ ಹಿಂದೆ ಸರಿಯುವ ತನಕ ಧ್ವಜಸ್ತಂಭದ ಹಾಗೆ ನಿಂತಿದ್ದು, ಆಮೇಲೆ ಏನೂ ಆಗದವನಂತೆ ಕೂರುತ್ತಾನೆ. ಕಾರಣ ಅವನ ಬೆನ್ನ ಮೇಲೇ ಇದೆ: ನೀಲಿ ಅಂಗಿಯ ಹಿಂಭಾಗದಲ್ಲಿ ಬಿಳಿ ಬಣ್ಣದಿಂದ ಬರೆದ ಕಾರ್ಖಾನೆಯ ಸೈರನ್ನು, ಅದರ ಕೆಳಗೆ ‘ಸೈರನ್ ಆರ್ಕೆಸ್ಟ್ರಾ’ ಎಂಬ ದಪ್ಪ ಅಕ್ಷರ. ಈ ಅಂಗಿ ತೊಟ್ಟವರು ಒಳಗೆ ಬರಕೂಡದೆಂದು ಆ ಭವನದವರು ಒಂದು ಸಂಜೆ ಅವನನ್ನು ಗೇಟಿನಲ್ಲೇ ತಡೆದರು. ಹತ್ತು ವರ್ಷದ ಮೇಲಾಯಿತು. ಕಾರ್ಖಾನೆ ಬಡವಾಯಿತು, ಆರ್ಕೆಸ್ಟ್ರಾ ಚದುರಿತು, ಅಂಗಿಯ ನೀಲಿ ಬೂದಿಯ ಬಣ್ಣಕ್ಕೆ ತಿರುಗಿತು, ಸಿಟ್ಟು ಮಾತ್ರ ಹೊಸದರಂತೆ ಗಂಜಿ ಹಾಕಿ ನಿಂತಿದೆ. ಆ ದಾರಿಯ ಕಂಡಕ್ಟರುಗಳು ಸ್ಟಾಪಿನ ಹೆಸರು ಕೂಗುವ ಬದಲು, “ಶಿವಯೋಗಪ್ನೋರು ಎದ್ರು, ಇಳಿಯೋರು ಬಾಗ್ಲಿಗೆ ಬನ್ನಿ” ಎನ್ನುತ್ತಾರೆ.

ಅವನ ನಡಿಗೆಯೂ ಎಲ್ಲರಂತಲ್ಲ. ಕತ್ತು ಸದಾ ಮೇಲಕ್ಕೆ, ಕಣ್ಣು ಆಕಾಶದಲ್ಲಿ. ದಾರಿಯಲ್ಲಿರುವ ಕಲ್ಲುಗಳೆಲ್ಲ ಅವನ ಕಾಲಿಗೇ ಮೀಸಲು. ಎರಕದ ಶೆಡ್ಡಿನಲ್ಲಿ ನಾನು ಅವನ ಪಕ್ಕದಲ್ಲೇ ದುಡಿದವನಾದ್ದರಿಂದ ಈ ಕತ್ತಿನ ಮರ್ಮ ಬಲ್ಲೆ. ತಲೆಯ ಮೇಲೆ ಕ್ರೇನು ಓಡಾಡುತ್ತದೆ, ಅದರ ಕೊಕ್ಕೆಯಲ್ಲಿ ಕರಗಿದ ಕಬ್ಬಿಣ ತುಂಬಿದ ಬಾನಿ ತೂಗುತ್ತದೆ. ಕೆಳಗೆ ನಿಂತು ಕ್ರೇನಿನವನಿಗೆ ಕೈಸನ್ನೆ ಮಾಡುವುದು ಶಿವಯೋಗಪ್ಪನ ಕೆಲಸ. ಆ ಅಬ್ಬರದಲ್ಲಿ ಬ್ರಹ್ಮನು ಬಂದು ಕೂಗಿದರೂ ಕೇಳಿಸದು. ಅಂಗೈ ಮೇಲೆ ಮಾಡಿ ತಿರುವಿದರೆ ಎತ್ತು, ಕೆಳಗೆ ಮಾಡಿ ಒತ್ತಿದರೆ ಇಳಿಸು, ಮುಷ್ಟಿ ಕಟ್ಟಿದರೆ ನಿಲ್ಲು. ಹೊಗೆಯಲ್ಲೂ ಕೈ ಕಾಣಲೆಂದು ಅಂಗಿಯ ಎರಡೂ ತೋಳಿನ ತುದಿಗೆ ಬಿಳಿ ಬಟ್ಟೆಯ ಪಟ್ಟಿ ಹೊಲಿಸಿಕೊಂಡಿದ್ದ. ಈ ಸನ್ನೆಯ ಭಾಷೆ ಮನೆಗೂ ಬಂದಿತ್ತು. ಊಟಕ್ಕೆ ಕೂತು ಸಾರು ಬೇಕಾದಾಗ ಅಂಗೈ ತಿರುವುತ್ತಿದ್ದ, ಅವನ ಹೆಂಡತಿ ವೀರಮ್ಮ ಸೌಟು ಹಿಡಿದು ನಿಂತು, “ಬಾಯಿ ಬಿಟ್ಟು ಕೇಳ್ರೀ, ನಾನೇನು ಕ್ರೇನಾ?” ಎಂದು ಗದರುತ್ತಿದ್ದಳು.

ನಾಲ್ಕನೇ ಇಯತ್ತೆಗೆ ಶಾಲೆಗೆ ಶರಣು ಹೊಡೆದವನಾದರೂ ಅವನ ಯಾವ ಮಾತೂ ‘ಬರ್ಕೊ’ ಎಂಬ ಆಜ್ಞೆಯಿಲ್ಲದೆ ಮುಗಿಯದು. “ಇವತ್ತು ಮಳೆ ಬರಲ್ಲ, ಬರ್ಕೊ.” “ಆ ಸೂಪರ್‌ವೈಸರ್ ದೇವರಂಥ ಮನುಷ್ಯ ಅಲ್ಲ, ಬರ್ಕೊ.” ಎದುರಿಗಿದ್ದವರ ಬಳಿ ಕಾಗದ ಪೆನ್ನು ಇರುತ್ತಿರಲಿಲ್ಲ ಎಂಬುದು ಬೇರೆ ಮಾತು. ಕೋಪದ ವಿಷಯದಲ್ಲಿ ನಾನೂ ಅವನೂ ಒಂದೇ ಅಚ್ಚಿನಲ್ಲಿ ಹೊಯ್ದ ಎರಕಗಳು. ದಿನಕ್ಕೊಮ್ಮೆ ಜಗಳವಾಡಿ, ಜಗಳದ ಬಿಸಿ ಆರುವ ಮುನ್ನವೇ ಒಂದೇ ಲೋಟದ ಚಹಾವನ್ನು ಬೈಟು ಮಾಡಿ ಕುಡಿದವರು.

ಸೈರನ್ ಆರ್ಕೆಸ್ಟ್ರಾ ಹುಟ್ಟಿದ್ದು ನಮ್ಮ ಶೆಡ್ಡಿನಲ್ಲೇ. ಕ್ರೇನಿನ ಗೂಡಿನಲ್ಲಿ ಕೂರುತ್ತಿದ್ದ ಹಾಲಸ್ವಾಮಿಗೆ ಎಂಥ ಕಂಠವಿತ್ತೆಂದರೆ, ಊಟದ ಸೈರನ್ನು ನಿಂತ ಮೇಲಿನ ಆ ಒಂದು ಕ್ಷಣದ ಮೌನದಲ್ಲಿ ಅವನು ಎತ್ತಿದ ದನಿಗೆ ಕುಲುಮೆಯ ಮುಂದಿನ ಬೆವರೆಲ್ಲ ತಣ್ಣಗಾಗುತ್ತಿತ್ತು. ಗಣಪತಿ ಪೆಂಡಾಲು, ರಾಜ್ಯೋತ್ಸವ, ಎಲ್ಲಿ ಹಾಡಿದರೂ ನಾವು ಹಿಂದೆ. ಕಾರ್ಖಾನೆ ಕೊಡುವ ನೀಲಿ ಬಟ್ಟೆಯಲ್ಲೇ ಅಂಗಿ ಹೊಲಿಸಿ, ಬೆನ್ನ ಮೇಲೆ ಸೈರನ್ನು ಬರೆಸಿಕೊಂಡ ಅಭಿಮಾನಿ ಪಡೆಗೆ ಶಿವಯೋಗಪ್ಪನೇ ಸೇನಾಪತಿ. ಆದರೆ ಅವನು ಎಂದೂ ಕುರ್ಚಿಯಲ್ಲಿ ಕೂತು ಹಾಡು ಕೇಳಿದವನಲ್ಲ. ಹಿಂದಿನ ಗೋಡೆಗೆ ಆತು ನಿಂತು, ಶೆಡ್ಡಿನಲ್ಲಿ ಮಾಡುವ ಸನ್ನೆಗಳನ್ನೇ ಅಲ್ಲೂ ಮಾಡುತ್ತಿದ್ದ. ಜನ ನಗುತ್ತಿದ್ದರು. ಹುಚ್ಚು ಅಭಿಮಾನ ಎಂದುಕೊಂಡಿದ್ದರು. ನಾನೂ ಹಾಗೆಯೇ ಎಂದುಕೊಂಡಿದ್ದೆ.

ನಿಜ ತಿಳಿದದ್ದು ತಡವಾಗಿ, ಹಾಲಸ್ವಾಮಿ ಕೆಲಸದಿಂದ ನಿವೃತ್ತನಾದ ಮೇಲೆ. ವರ್ಷಗಟ್ಟಲೆ ಆ ಆರ್ಭಟದ ನೆತ್ತಿಯ ಮೇಲೆ ಕೂತು ಅವನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರೆಬರೆ. ವಾದ್ಯಗಳ ನಡುವೆ ನಿಂತರೆ ತನ್ನ ದನಿ ತನಗೇ ಕೇಳಿಸುತ್ತಿರಲಿಲ್ಲ. ಶಿವಯೋಗಪ್ಪ ಅಂಗೈ ತಿರುವಿದರೆ ದನಿ ಏರಿಸಬೇಕು, ಒತ್ತಿದರೆ ಇಳಿಸಬೇಕು, ಬೆರಳು ನಿಧಾನ ಸುತ್ತಿದರೆ ತಾಳ ಓಡುತ್ತಿದೆ ಎಂದರ್ಥ. ಈ ಗುಟ್ಟು ಮೇಲಿನವರಿಗೆ ಗೊತ್ತಾದರೆ ಕ್ರೇನಿನಿಂದ ಇಳಿಸಿ ಕೈಗೆ ಪೊರಕೆ ಕೊಡುತ್ತಿದ್ದರು. ಹಾಗಾಗಿ ಅದು ಇಬ್ಬರ ನಡುವೆಯೇ ಇತ್ತು.

ಈಗ ಆ ಸಂಜೆಗೆ ಬರುತ್ತೇನೆ. ಅದಕ್ಕೂ ಮೊದಲು ಅದೇ ಸಭಾಭವನದಲ್ಲಿ ಬೇರೆ ಎರಡು ತಂಡಗಳ ಅಭಿಮಾನಿಗಳು ಹೊಡೆದಾಡಿ, ನಡುವೆ ನಮ್ಮವರೂ ಧುಮುಕಿ, ಕುರ್ಚಿಗಳು ಮುರಿದಿದ್ದವು. ಶಿವಯೋಗಪ್ಪನನ್ನು ಕೇಳಿದರೆ, “ನಾನ್ ಮುರಿದಿದ್ದು ಎರಡೇ. ಮೂರನೇದು ಮೊದ್ಲೇ ಕಾಲು ಮುರ್ಕೊಂಡಿತ್ತು, ಬರ್ಕೊ” ಎನ್ನುತ್ತಿದ್ದ. ಭವನದ ಸಮಿತಿಯವರು ತಂಡಗಳ ಹೆಸರು, ಚಿತ್ರವಿರುವ ಅಂಗಿ ತೊಟ್ಟವರಿಗೆ ಪ್ರವೇಶವಿಲ್ಲವೆಂದು ಬೋರ್ಡು ನೇತುಹಾಕಿದರು. ಅಲ್ಲಾ, ಕುರ್ಚಿ ಮುರಿದದ್ದು ಕೈಯೋ ಅಂಗಿಯೋ? ಇದನ್ನು ನಾನು ಅಂದೂ ಕೇಳಿದ್ದೆ, ಇಂದೂ ಕೇಳುತ್ತೇನೆ. ಆ ದಿನ ಹಾಲಸ್ವಾಮಿ ಶಿವಮೊಗ್ಗದಲ್ಲಿ ಮೊದಲ ಬಾರಿಗೆ ಅಷ್ಟು ದೊಡ್ಡ ವೇದಿಕೆ ಏರುವವನಿದ್ದ. ಮುಂದಿನ ಸಾಲಿನಲ್ಲಿ ನಮ್ಮ ಕಾರ್ಖಾನೆಯ ಅಧಿಕಾರಿಗಳೇ ಅತಿಥಿಗಳು.

ಗೇಟಿನಲ್ಲಿ ಕಾವಲುಗಾರ ಸಿದ್ದಯ್ಯ ಕೈ ಅಡ್ಡ ಹಿಡಿದ. ಹಿಂದೆಯೇ ಕಾರ್ಯದರ್ಶಿ ಶ್ರೀನಿವಾಸಮೂರ್ತಿಗಳು, ಇಸ್ತ್ರಿಯ ಮಡಿಕೆ ಕೆಡದ ಬಿಳಿ ಜುಬ್ಬದಲ್ಲಿ, ಅಷ್ಟೇ ಮಡಿಕೆ ಕೆಡದ ದನಿಯಲ್ಲಿ, “ದಯವಿಟ್ಟು ಸಹಕರಿಸಬೇಕು. ಅಂಗಿ ಬದಲಿಸಿಕೊಂಡು ಬನ್ನಿ, ಸಂತೋಷವಾಗಿ ಕೂರಿಸ್ತೀವಿ” ಎಂದರು. ನಮ್ಮವರು ಕೆಲವರು ಅಂಗಿಯನ್ನು ಮಗುಚಿ ತೊಟ್ಟು ಒಳಹೊಕ್ಕರು. ಶಿವಯೋಗಪ್ಪ ಅಲುಗಲಿಲ್ಲ.

“ಕುಲುಮೆ ಮುಂದೆ ನಿಲ್ಲೋ ಅಂಗಿ ಇದು. ಮಗುಚಿ ಹಾಕ್ಕೊ ಅಂದ್ರೆ ಚರ್ಮ ಮಗುಚು ಅಂದಂಗೆ. ಆಗಲ್ಲ, ಬರ್ಕೊಳ್ರಿ!”

“ನಿಯಮ ಎಲ್ಲರಿಗೂ ಒಂದೇ ಅಲ್ಲವೇ?”

“ಹಂಗಾದ್ರೆ ನಿಮ್ ಜುಬ್ಬಾನೂ ಬಿಚ್ಚಿ ಸ್ವಾಮಿ!”

ಮಾತು ಇಷ್ಟಕ್ಕೆ ಬಂದ ಮೇಲೆ ಗೇಟು ಮುಚ್ಚುವುದೊಂದೇ ಉಳಿದಿತ್ತು. ಬೇರೆ ಅಂಗಿ ತೊಟ್ಟು, ತೋಳಿಗೆ ಬಿಳಿ ಕರವಸ್ತ್ರ ಕಟ್ಟಿಕೊಂಡರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗುಟ್ಟು ತಿಳಿದ ಮೇಲೆ ನಾನೂ ಕೇಳಿ ಚೆನ್ನಾಗಿ ಬೈಸಿಕೊಂಡಿದ್ದೇನೆ. ಸಿಟ್ಟು ಬಂದಾಗ ಸುಲಭದ ದಾರಿ ಕಾಣಿಸುವುದಾದರೆ ಅದನ್ನು ಸಿಟ್ಟೆಂದು ಏಕೆ ಕರೆಯಬೇಕು?

ಒಳಗೆ ಮೊದಲ ಹಾಡು ಆರಂಭವಾಯಿತು. ರಸ್ತೆಯಲ್ಲಿದ್ದ ನಮಗೂ ಗೊತ್ತಾಯಿತು, ಅದು ಹಾಲಸ್ವಾಮಿಯ ಹಾಡಲ್ಲ. ದನಿ ಶ್ರುತಿಯಿಂದ ಜಾರಿ, ತಡಕಾಡಿ, ಮತ್ತೆ ಜಾರುತ್ತಿತ್ತು. ಸಭೆಯಲ್ಲಿ ಯಾರೋ ಶಿಳ್ಳೆ ಹಾಕಿದರು. ಶಿವಯೋಗಪ್ಪನ ಮುಖ ಬಿಳಿಚಿತು. ಮರುಕ್ಷಣವೇ ರಸ್ತೆಯಾಚೆ, ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಂತಿದ್ದ ವಾದ್ಯದ ಮೆಟಡೋರಿನ ನೆತ್ತಿಗೆ ಹತ್ತಿದ. ಅಂಗಡಿಯ ಟ್ಯೂಬ್‌ಲೈಟು ಅವನ ಮೇಲೆ ಬಿದ್ದಿತ್ತು. ಗೇಟಿನ ಸರಳುಗಳಾಚೆ ಸಭಾಂಗಣದ ದೊಡ್ಡ ಬಾಗಿಲು ತೆರೆದಿತ್ತು, ಅದರಾಚೆ ಒಳಗಿನ ತುದಿಗೆ ವೇದಿಕೆ, ವೇದಿಕೆಯ ಮೇಲೆ ದಿಕ್ಕು ತಪ್ಪಿದ ಹಾಲಸ್ವಾಮಿ. ಇವನು ಎರಡೂ ಕೈ ಎತ್ತಿದ. ಬಿಳಿ ಪಟ್ಟಿಗಳು ಹೊಳೆದವು. ಅಂಗೈ ತಿರುವಿದ. ಒಂದು ಸಾಲು ಕಳೆಯುವಷ್ಟರಲ್ಲಿ ಕೊಕ್ಕೆಗೆ ಸಿಕ್ಕ ಬಾನಿಯಂತೆ ಆ ದನಿ ನೆಟ್ಟಗೆ, ತುಳುಕದೆ, ಮೇಲೇರಿತು. ಆಮೇಲೆ ಹಾಡು ಮುಗಿದದ್ದೆಲ್ಲ ಚಪ್ಪಾಳೆಯಲ್ಲೇ. ಮೆಟಡೋರಿನ ತಗಡು ಕಾಲಡಿಯಲ್ಲಿ ತಗ್ಗಾಗುವವರೆಗೂ ಶಿವಯೋಗಪ್ಪ ಇಳಿಯಲಿಲ್ಲ. ಅಧಿಕಾರಿಗಳು ಹಾಲಸ್ವಾಮಿಗೆ ಹಾರ ಹಾಕಿದರು. ಮಾರನೆಯ ಪಾಳಿಯಲ್ಲಿ ಅವನು ಕ್ರೇನಿನ ಗೂಡಿನಲ್ಲೇ ಇದ್ದ.

ಈ ವಿಜಯವನ್ನು ಶಿವಯೋಗಪ್ಪ ಎಷ್ಟು ಸಲ ವರ್ಣಿಸಿದ್ದಾನೋ! ಪ್ರತಿ ಸಲವೂ ಕೊನೆಗೆ, “ಬಾಗ್ಲು ಮುಚ್ಚೋಕೆ ಅವ್ರಿಗೆ ಗುಂಡಿಗೆ ಇರ್ಲಿಲ್ಲ ಮಾರಾಯ, ನನ್ ಕಣ್ಣು ನೋಡಿ ಹೆದರಿದ್ರು, ಬರ್ಕೊ!” ಎನ್ನುತ್ತಿದ್ದ. ಗೆದ್ದವನಿಗೆ ಹಗೆ ಏಕೆ ಎಂದರೆ, “ಗೆದ್ದಿದ್ದು ಹಾಲಸ್ವಾಮಿ. ನಾನು ಗೇಟಿನ ಹೊರಗೇ ಇದೀನಿ” ಎಂಬ ಉತ್ತರ. ಬಸ್ಸಿನಲ್ಲಿ ಎದ್ದು ನಿಲ್ಲುವ ವ್ರತ ಶುರುವಾದದ್ದು ಆ ವಾರದಿಂದಲೇ.

ಹೋದ ವರ್ಷ ಬಂಧುಗಳ ಗೃಹಪ್ರವೇಶಕ್ಕೆಂದು ನಾವಿಬ್ಬರೂ ಆಯನೂರಿಗೆ ಹೋಗಿದ್ದೆವು. ಮೈಮೇಲೆ ಅದೇ ಅಂಗಿ. ಬಸ್ಸಿಳಿದು ಹೋಗುತ್ತಿದ್ದವರನ್ನು ಹಿಂದಿನಿಂದ ಒಂದು ಮುದಿದನಿ ಕೂಗಿತು.

“ಬೆನ್ನಿನೋರೇ! ಓ ಬೆನ್ನಿನೋರೇ! ಒಂಚೂರು ನಿಂತ್ಕಳಿ!”

ತಿರುಗಿದೆವು. ಜಗುಲಿಯಿಂದ ಇಳಿದು ಬಂದ ಮುದುಕಿ ಶಿವಯೋಗಪ್ಪನ ಮುಖವನ್ನು ಹೊಸ ಪಾತ್ರೆ ನೋಡುವಂತೆ ತಿರುಗಿಸಿ ಮುರುಗಿಸಿ ನೋಡಿದಳು. “ಮುಖ ನೋಡಿದ್ದು ಇದೇ ಮೊದ್ಲು ಕಣಪ್ಪ. ಬೆನ್ನು ಬೇಕಾದಷ್ಟು ಸಲ ನೋಡಿದೀನಿ. ನಾನು ಸಣ್ಣಮ್ಮ, ಆ ಭವನದ ಗೇಟಲ್ಲಿ ಕೂರ್ತಿದ್ರಲ್ಲ ಸಿದ್ದಯ್ಯ, ಅವರ ಮನೆಯೋಳು. ಆಗ ಶಿವಮೊಗ್ಗದ ಗೋಪಾಳದಲ್ಲಿದ್ವಿ, ಬುತ್ತಿ ತಗೊಂಡು ಹೋಗ್ತಿದ್ದೆ.”

ಜಗುಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ಆ ಸಂಜೆಯ ಇನ್ನೊಂದು ಮಗ್ಗುಲು ನಮಗೆ ಕಂಡದ್ದು ಆಗ.

“ನೀವು ಗಾಡಿ ಮೇಲೆ ಹತ್ತಿದ್ದು ಕಂಡು, ಒಳಗಿನ ದೊಡ್ಡ ಬಾಗ್ಲು ಹಾಕು, ಬಾಗ್ಲು ಹಾಕು ಅಂತ ಮೂರ್ತಿಗಳು ಬಂದು ಬಂದು ಹೇಳಿದ್ರಂತೆ. ಇವ್ರು ‘ಅಗುಳಿ ಕೂರ್ತಿಲ್ಲ ಸಾರ್’ ಅಂತ ಸುಳ್ಳು ಹೇಳಿ, ಬಾಗ್ಲಿಗೆ ಒರಗಿ ನಿಂತುಬಿಟ್ರಂತೆ, ಹಾಡು ಮುಗಿಯೋ ತನಕ. ಲಾರಿ ಕ್ಲೀನರ್ ಆಗಿದ್ದೋರಲ್ವಾ ಮೊದ್ಲು. ‘ಲಾರಿ ಹಿಂದಕ್ಕೆ ತಗೊಳ್ಳೋವಾಗ ಕ್ಲೀನರ್ ಕೈ ಕಾಣದಿದ್ರೆ ಡ್ರೈವರ್ ಕಣ್ಣಿದ್ದೂ ಕುರುಡ ಕಣೆ. ಆ ಹಾಡೋರ ಕಣ್ಣು ನೋಡಿದ್ ತಕ್ಷಣ ಗೊತ್ತಾಯ್ತು’ ಅಂದ್ರು. ಆ ಕಾರ್ಯದರ್ಶಿ ಕೈಲಿ ಬೈಸ್ಕೊಂಡಿದ್ದು ಬೈಸ್ಕೊಂಡಿದ್ದೇ.”

ಶಿವಯೋಗಪ್ಪ ಲೋಟ ಕೆಳಗಿಟ್ಟ.

“ಅದಕ್ಕೇ ನೀವು ಹಂಗೆ ಮರ್ಯಾದೆ ಕೊಡ್ತಿದ್ರಿ ಅಂತ ಅವ್ರಿಗೆ ಎಷ್ಟು ಖುಷಿ ಅಂತೀರಿ! ಬಸ್ಸು ಹೋಗೋವಾಗೆಲ್ಲ ಎದ್ದು ನಿಂತ್ಕಂತಿದ್ರಿ. ‘ನಾನು ಬಾಗ್ಲು ಹಿಡಿದಿದ್ದು ಆ ಮನುಷ್ಯನಿಗೆ ಗೊತ್ತು ಕಣೆ. ಗುರುತು ಸಿಗ್ಲಿ ಅಂತ ಅಂಗಿ ತೋರಿಸ್ತಾರೆ. ಇವತ್ತೂ ನಮ್ ಬೆನ್ನಿನೋರು ಎದ್ದು ನಿಂತ್ರು’ ಅಂತ ಬಂದು ಹೇಳೋರು. ಶಿವರಾತ್ರಿ ಮುಂದೆ ತೀರ್ಕೊಂಡ್ರು.”

ಸದಾ ಏನಾದರೊಂದನ್ನು ಎತ್ತುತ್ತ, ಇಳಿಸುತ್ತ ಇದ್ದ ಆ ಎರಡು ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಹೌದು ತಾಯಿ, ಎದ್ದು ನಿಲ್ತಿದ್ದೆ” ಎಂದ. ಅಷ್ಟೇ ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಗೃಹಪ್ರವೇಶದ ಹೋಳಿಗೆಯನ್ನು ಅವನು ಎಲೆಯಲ್ಲೇ ಬಿಟ್ಟು ಎದ್ದ. ಬಸ್ಸು ಹತ್ತುವಾಗ ನನ್ನ ರಟ್ಟೆ ಹಿಡಿದು, “ಇದೊಂದ್ ಮಾತ್ರ ಬರ್ಕೊಬೇಡ” ಎಂದ. ಅವನು ಬರ್ಕೊ ಎಂದ ಸಾವಿರ ಮಾತುಗಳಲ್ಲಿ ಒಂದನ್ನೂ ನಾನು ಬರೆದವನಲ್ಲ. ಬೇಡವೆಂದ ಇದನ್ನು ಬರೆದಿದ್ದೇನೆ. ನಾಳೆ ಜಗಳವಾಗುತ್ತದೆ, ಆಗಲಿ.

ಸಭಾಭವನದ ಮೇಲಿನ ಸಿಟ್ಟನ್ನು ಅವನು ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳುವುದಿಲ್ಲ, ಬೋರ್ಡು ಇನ್ನೂ ಅಲ್ಲೇ ಇದೆ. ಈಗಲೂ ಬಸ್ಸಿನಲ್ಲಿ ಎದ್ದು ನಿಲ್ಲುತ್ತಾನೆ. ಆದರೆ ಮೊದಲು ಗೇಟು ಬರುತ್ತದಲ್ಲ, ಅಲ್ಲಿ ಸಿದ್ದಯ್ಯ ಕೂರುತ್ತಿದ್ದ ಖಾಲಿ ಸ್ಟೂಲು ಕಣ್ಮರೆಯಾಗುವ ತನಕ ಮುಖ ಅದರ ಕಡೆಗೇ ಇರುತ್ತದೆ. ಕಾರ್ಯದರ್ಶಿಯ ಕೋಣೆಯ ಕಿಟಕಿ ಬಂದ ಮೇಲೆ ಬೆನ್ನು ತಿರುಗುತ್ತದೆ. ಇದೇನು ಹೊಸ ಕುಣಿತವೆಂದು ಕಂಡಕ್ಟರುಗಳಿಗೆ ಅರ್ಥವಾಗಿಲ್ಲ.

ನಮ್ಮಂಥ ಮುಂಗೋಪಿಗಳ ಕುಲವೇ ಹೀಗೆ. ಅಡ್ಡಗಟ್ಟಿದವನನ್ನು ಏಳು ಜನ್ಮಕ್ಕೂ ನೆನಪಿಟ್ಟುಕೊಳ್ಳುತ್ತೇವೆ, ಅವನ ಮನೆಯ ಮುಂದೆಯೇ ಎದೆ ಸೆಟೆಸಿ ನಡೆಯುತ್ತೇವೆ. ಅದೇ ಬಾಗಿಲನ್ನು ನಮಗಾಗಿ ಹಿಡಿದು ನಿಂತವನು ನಮ್ಮ ಬೆನ್ನ ಹಿಂದೆಯೇ ಇರುತ್ತಾನೆ. ನಾವು ತಿರುಗಿ ನೋಡುವ ಹೊತ್ತಿಗೆ ಸ್ಟೂಲು ಖಾಲಿ. ಸಿದ್ದಯ್ಯ ತನಗೆ ಸಲ್ಲಬೇಕಾದದ್ದು ಸಂದಿತೆಂದೇ ತಿಳಿದು ಹೋದ. ಸಲ್ಲಿಸಿಲ್ಲವೆಂಬುದು ಗೊತ್ತಿರುವುದು ಶಿವಯೋಗಪ್ಪನಿಗೆ.