ಕರಪತ್ರದ ಪಾಠ

ಯುಗೊಸ್ಲಾವಿಯಾ ಒಡೆದು ಯುದ್ಧ ಶುರುವಾದ ವರ್ಷ, ಕಿಕಿಂಡಾ ಪಟ್ಟಣದ ಮನೆಮನೆಗೂ ಸೈನ್ಯಕ್ಕೆ ಕರೆಯುವ ಕರಪತ್ರ ಬಂತು. ಪ್ರೌಢಶಾಲೆಯಲ್ಲಿ ಭಾಷೆ ಕಲಿಸುತ್ತಿದ್ದ ರಾದೋಯ್ಕಾ ಅದನ್ನು ತಮ್ಮ ವುಕಾಶಿನನ ಮುಂದೆ ಹರಡಿದಳು.

"ನೋಡೋ, 'ನಮ್ಮ ಮಣ್ಣು' ಅಂತ ಸಾಲುಸಾಲಿಗೂ ಬರೆದಿದ್ದಾರೆ. ಯಾಕೆ ಹೇಳು?"

"ತಲೇಲಿ ಕೂತ್ಕೊಳ್ಳಲಿ ಅಂತ. ಆಮೇಲೆ 'ಅವರು ಸುಡುತ್ತಾರೆ, ನಾವು ಕಟ್ಟುತ್ತೇವೆ' ಅಂತಿದೆ. ಅವರಿಗೆ ಮಸಿ ಬಳಿದ್ರೆ ನಾವು ಬೆಳ್ಳಗೆ ಕಾಣ್ತೀವಿ. ಸಾಕಾ ಟೀಚರಮ್ಮ?" ಎಂದು ಅವನು ನಕ್ಕ.

ಇವನು ಮರುಳಾಗುವವನಲ್ಲ ಎಂದು ರಾದೋಯ್ಕಾಗೆ ನೆಮ್ಮದಿಯಾಯಿತು. ಆದರೆ ಅದೇ ವಾರ ಅವನು ಸೈನ್ಯಕ್ಕೆ ಹೆಸರು ಬರೆಸಿ ಬಂದ.

"ಎಲ್ಲಾ ಗೊತ್ತಿದ್ದೂ ಯಾಕೋ ಹೀಗ್ಮಾಡ್ದೆ?"

"ಗೊತ್ತಿತ್ತಕ್ಕ. ಆದ್ರೂ ಓದ್ದಾಗ್ಲೆಲ್ಲ ಮೈ ಬಿಸಿಯಾಗೋದು. ಗೆಳೆಯರೂ ಹೊರಟು ನಿಂತಿದ್ರು."

ಹಿಮ ಬೀಳುವ ಮೊದಲೇ ಅವನ ಶವ ಊರಿಗೆ ಬಂತು. ಗೋರಿಯ ಬಳಿ ಅಧಿಕಾರಿಯೊಬ್ಬ, "ನಿಮ್ಮ ಮಗ ಸಾಯಲಿಲ್ಲ, ಅಮರನಾದ. ನೀವು ಅವನನ್ನು ಕಳೆದುಕೊಳ್ಳಲಿಲ್ಲ, ದೇಶಕ್ಕೆ ಕೊಟ್ಟಿರಿ" ಎಂದು ಭಾಷಣ ಓದಿದ. ಇದೂ ಕರಪತ್ರದ ವರಸೆಯೇ ಎಂದು ರಾದೋಯ್ಕಾಗೆ ಗೊತ್ತಾಯಿತು. ಅಮ್ಮ ಅವಳ ತೋಳು ಹಿಡಿದುಕೊಂಡು, "ಎಷ್ಟು ಚೆನ್ನಾಗಿ ಹೇಳಿದ್ರು, ಅಲ್ವೇನೇ?" ಎಂದು ಕೇಳಿದಳು.

"ಹೌದಮ್ಮ" ಎಂದಳು ರಾದೋಯ್ಕಾ.