ಮೇಣದೊಳಗಿನ ಚೂರು

ಬೆರಳಿಗೆ ಏನೋ ತಾಗಿತು, ಬಟ್ಟೆಯೇ, ಅಲ್ಲ, ಬೇರು, ಇನ್ನೂ ಒಂದು ಗೇಣು ಆಚೆ ಇರಬೇಕು, ಈ ಹಿಪ್ಪುನೇರಳೆ ಮರದ ಬುಡದಲ್ಲೇ ತಾನೇ ಹೂಳಿದ್ದು, ಚಳಿ ಮುಗಿಯುವಾಗ, ಇವರನ್ನು ಆಸ್ಪತ್ರೆಯಿಂದ ಮನೆಗೆ ತಂದ ಮರುದಿನ, ಮೂತ್ರಕೋಶದ ಗಡ್ಡೆಯಿಂದ ಕೊಯ್ದ ಚೂರನ್ನು ಮೇಣದಲ್ಲಿ ಕೂರಿಸಿ ಕೈಗೆ ಕೊಟ್ಟಿದ್ದರು, ಜೋಪಾನವಾಗಿ ಇಟ್ಕೊಳ್ಳಿ ಅಮ್ಮ ಅಂದಿದ್ದಳು ನರ್ಸು, ಗಂಡನ ಮೈಯ ಮಾಂಸ ಬೀರುವಿನಲ್ಲಿಡುವ ವಸ್ತುವೇ, ಕತ್ತರಿಸಿದ ಉಗುರನ್ನೂ ಮಣ್ಣು ಮಾಡುವವರು ನಾವು, ಮೇಣದ ಸಮೇತ ಹೂಳಬಾರದೆಂದು ಬಿಸಿನೀರಿನಲ್ಲಿ ಮೇಣವನ್ನೂ ಕರಗಿಸಿ, ಕಡಲೆಯಷ್ಟಿದ್ದ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದುವಾ ಓದಿ — ಎಂಥ ಜಾಣೆ ನಾನು, ಥೂ — ಅಮ್ಮಾ, ಆ ಮೇಣದ ಬಿಲ್ಲೆ ಎಲ್ಲಿ, ಬೆಳಿಗ್ಗೆ ಫೋನಿನಲ್ಲಿ ಮಗಳು ನಫೋಸತ್, ದನಿಯಲ್ಲಿ ಎಷ್ಟು ದಿನದ ಮೇಲೆ ಸಂತೋಷ, ತಾಷ್ಕೆಂಟಿನ ಡಾಕ್ಟರು ಹೇಳಿದ್ರಮ್ಮ, ಒಬ್ಬೊಬ್ಬರ ಗಡ್ಡೆ ಒಂದೊಂದು ಥರ ಅಂತೆ, ಆ ಚೂರಿನ ಜೀನು ನೋಡಿ ಅಪ್ಪನಿಗೆ ಅಂತಲೇ ಔಷಧಿ ಆರಿಸ್ತಾರಂತೆ, ಆ ಪರೀಕ್ಷೆ ಇಸ್ತಾನ್‌ಬುಲ್‌ನಲ್ಲಂತೆ, ನಾಳೆ ಅಲ್ಲಿಗೆ ಹೋಗೋರ ಕೈಲಿ ಕಳಿಸಬೇಕು, ಇನ್ನೊಂದು ಸಲ ಕೊಯ್ಯೋ ಹಾಗಿಲ್ಲ, ಅಪ್ಪನ ಹೃದಯ ತಡೆಯಲ್ಲ, ಇರೋದು ಅದೊಂದೇ — ಇದೆ ಮಗಳೇ, ಜೋಪಾನವಾಗಿದೆ, ಅಂದುಬಿಟ್ಟೆ.

ಇವರಿಗೆ ಕ್ಯಾನ್ಸರ್ ಎಂದೇ ಹೇಳಿಲ್ಲ, ಕಲ್ಲು ಅಂದಿದ್ದೇವೆ, ಅಂಗಳದ ಮಂಚದ ಮೇಲೆ ಚಹಾ ಬಟ್ಟಲು ಹಿಡಿದು ನನ್ನನ್ನೇ ನೋಡುತ್ತಿದ್ದಾರೆ, ನಲವತ್ತು ವರ್ಷ ನಮ್ಮೂರು ಮಾರ್ಗಿಲಾನಿನ ರೇಷ್ಮೆಗೆ ಬಣ್ಣ ಹಾಕಿದವರು, ಪ್ರತಿ ಲಡಿಗೂ ಅದರದ್ದೇ ಹದ ಕಣೇ ಎನ್ನುತ್ತಿದ್ದವರು, ಆ ಬಣ್ಣವೇ ಒಳಗಿಳಿದು ಹೀಗಾಗಿರಬೇಕು ಎಂದರು ಡಾಕ್ಟರು, ಏನೇ ಅದು, ಕೋಳಿ ಥರ ನೆಲ ಕೆರೀತಿದೀಯ, ಎಂದರು ಇವರು, ಓಲೆ ಬಿದ್ದುಹೋಯ್ತು ರೀ, ಎರಡೂ ಕಿವೀಲೇ ಇದಾವಲ್ಲೇ ಮರುಳೇ, ಬೇರೆ ಜೊತೆದು ರೀ, ಹಾಳಾಗಿಹೋಗಲಿ ನನ್ನ ನಾಲಿಗೆ, ಎದ್ದು ಬಂದೇಬಿಟ್ಟರು, ಬೇಡಿ, ಸುಸ್ತಾಗುತ್ತೆ, ಸುಮ್ನಿರೇ, ನಿನ್ನ ಕಣ್ಣು ಮಂಜು, ಮಂಡಿಯೂರಿದರು, ಉಸಿರು ಕಟ್ಟುತ್ತಿದೆ, ಆದರೂ ಕೈಯಿಂದಲೇ ಮಣ್ಣು ಬಗೆಯುತ್ತಿದ್ದಾರೆ, ಎರಡೂ ಕೈಯಿಂದ, ಹುಡುಕುತ್ತಿರುವುದು ತಮ್ಮ ಔಷಧಿಯನ್ನೇ ಎಂದು ಗೊತ್ತಿಲ್ಲದೆ, ಹೇಗೆ ತಡೆಯಲಿ, ಏನೆಂದು ಹೇಳಿ ತಡೆಯಲಿ, ಸಿಕ್ತು ನೋಡೇ, ನಗುತ್ತಿದ್ದಾರೆ, ಅಲ್ಲಾಹನೇ, ಬಟ್ಟೆ ಬಿಡಿಸುತ್ತಿದ್ದಾರೆ, ಒಂದೊಂದೇ ಮಡಿಕೆ, ಇದರಲ್ಲಿ ಏನೂ ಇಲ್ವಲ್ಲೇ, ಬರೀ ಮಣ್ಣು, ಅಂಗೈ ಚಾಚಿ ನನಗೇ ತೋರಿಸುತ್ತಿದ್ದಾರೆ, ಬಟ್ಟೆ, ಬಟ್ಟೆಯಲ್ಲಿ ಮಣ್ಣು