ಹೊಲಿಗೆ ಅಂಗಡಿಯಿಂದ ಹೊರಟ ಲಾರಿ

ಸೇತುವೆ ಕೆಲಸದ ಕ್ಯಾಂಪಿನಲ್ಲಿ ಅವಳಿಗೆ ಸಿಕ್ಕಿದ್ದು ಕೋಣೆಯಲ್ಲ, ಹಡಗಿನಲ್ಲಿ ಸರಕು ಸಾಗಿಸುವ ಕಬ್ಬಿಣದ ಕಂಟೇನರ್. ಯಾರೋ ಪುಣ್ಯಾತ್ಮರು ಅದಕ್ಕೊಂದು ಕಿಟಕಿ ಕೊರೆದು, ಒಳಗೊಂದು ಮಂಚ, ಮೇಜು, ಫ್ಯಾನು ಇಟ್ಟು ಕೈತೊಳೆದುಕೊಂಡಿದ್ದರು. ಬಾಗಿಲು ಹಾಕಿದರೆ ಸಾಕು, ಫೋನಿನ ಸಿಗ್ನಲ್ ಪ್ರಾಣ ಬಿಡುತ್ತಿತ್ತು.

ಅವಳು ಬೆಸುಗೆ ಪರೀಕ್ಷಿಸುವ ಇನ್‌ಸ್ಪೆಕ್ಟರ್. ಕಬ್ಬಿಣದ ತೊಲೆಗಳು ಕೂಡುವಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯೇ ಎಂದು ಯಂತ್ರ ಹಿಡಿದು ಹುಡುಕುವುದು ಅವಳ ಕೆಲಸ. ಹಗಲೆಲ್ಲ ಕಬ್ಬಿಣ ನೋಡಿ ಸಂಜೆ ಕಬ್ಬಿಣದೊಳಗೇ ಬಂದು ಮಲಗುವುದಕ್ಕೆ ಅವಳಿಗೇನೂ ಬೇಸರವಿರಲಿಲ್ಲ. ಆದರೆ ಆ ಡಬ್ಬದೊಳಗೆ ಕೂತು ಅವಳು ಅಣ್ಣನ ಜೊತೆ ಲಾರಿ ಓಡಿಸಬೇಕಾಗಿತ್ತು.

ಅಣ್ಣ ಟ್ಯಾಂಕರ್ ಡ್ರೈವರ್. ಹಿಂದಿನ ವರ್ಷ ಡಿಪೋದಲ್ಲಿ ಟೀ ಕುಡಿಯುತ್ತ ನಿಂತಿದ್ದವನು ಹಾಗೇ ಕುಸಿದು ಬಿದ್ದು ಕೈಕಾಲು ಬಡಿದುಕೊಂಡಿದ್ದ. ಫಿಟ್ಸ್ ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟು, ನಾವು ಹೇಳುವವರೆಗೆ ಯಾವ ಗಾಡಿಯನ್ನೂ ಮುಟ್ಟುವಂತಿಲ್ಲ ಎಂದರು. ಮೀಸೆ ಬಂದಾಗಿನಿಂದ ಸ್ಟೀರಿಂಗ್ ಹಿಡಿದ ಮನುಷ್ಯ ಮನೆಯಲ್ಲಿ ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಒದ್ದಾಡತೊಡಗಿದ. ಆಗ ತಂಗಿ ಟಿವಿಗೆ ಜೋಡಿಸಿ ಆಡುವ ಒಂದು ಗೇಮ್ ಕನ್ಸೋಲ್ ತಂದಳು, ಜೊತೆಗೆ ಮೇಜಿಗೆ ಬಿಗಿಯುವ ಸ್ಟೀರಿಂಗ್, ಪೆಡಲ್. ಬೆಳಕು ಮಿನುಗುವುದರಿಂದ ಬರುವ ಬಗೆಯ ಕಾಯಿಲೆ ಅವನದಲ್ಲ, ನಡುನಡುವೆ ವಿಶ್ರಾಂತಿ ತೆಗೆದುಕೊಂಡು ಆಡಲಿ ಎಂದು ಡಾಕ್ಟರು ಪರೀಕ್ಷೆ ಮಾಡಿಯೇ ಒಪ್ಪಿದ್ದರು. ಟಿವಿಯ ಮುಂದೆ ಅಣ್ಣ ತಂಗಿ ಅಕ್ಕಪಕ್ಕ ಕೂತು ಬೆಟ್ಟದ ರಸ್ತೆಗಳಲ್ಲಿ ಲಾರಿ ಓಡಿಸಿದರು. ಅವಳು ಗೇರ್ ಬದಲಿಸುವ ರೀತಿಗೆ ಅವನು ತಲೆ ಚಚ್ಚಿಕೊಳ್ಳುತ್ತಿದ್ದ. ಮನೆಯಲ್ಲಿ ಮತ್ತೆ ನಗು ಕೇಳಿಸಿತು.

ಅಷ್ಟರಲ್ಲಿ ಅವಳಿಗೆ ಈ ಸೇತುವೆಗೆ ವರ್ಗವಾಯಿತು.

ಹೊರಟು ಬಂದ ಕೆಲವೇ ದಿನಕ್ಕೆ ಅತ್ತಿಗೆಯ ಫೋನು. ಮನೆಯ ಕೆಳಗೇ ಅವರ ಹೊಲಿಗೆ ಅಂಗಡಿ; ಮಾತಿನ ಹಿಂದೆ ಮಿಷನ್ನಿನ ಕಟಕಟ ನಿಲ್ಲುತ್ತಲೇ ಇರಲಿಲ್ಲ.

“ಗುಬ್ಬಿ, ನಿಮ್ಮಣ್ಣ ನಿಂತಲ್ಲಿ ನಿಲ್ತಿಲ್ಲ, ಕೂತಲ್ಲಿ ಕೂರ್ತಿಲ್ಲ. ಮಹಡಿ ಮೆಟ್ಟಿಲು ಸವೆದುಹೋಗ್ತಾ ಇದೆ. ಒಬ್ರೇ ಆಡಿ ಅಂದ್ರೆ, ಒಬ್ಬನೇ ಆಡೋಕೆ ನಾನೇನು ಹುಚ್ಚನಾ ಅಂತಾರೆ. ಅಲ್ಲಿಂದ ನೀನು ಸೇರ್ಕೊಳ್ಳೋಕೆ ಆಗಲ್ವಾ?”

“ಆಗುತ್ತೆ ಅತ್ತಿಗೆ. ಅದೇನು ಮಹಾ” ಎಂದುಬಿಟ್ಟಳು ಗುಬ್ಬಿ.

ತನಗೂ ಒಂದು ಕನ್ಸೋಲ್, ಒಂದು ಚಿಕ್ಕ ಟಿವಿ, ಸಿಮ್ ಹಾಕುವ ಒಂದು ರೂಟರ್ ತರಿಸಿಕೊಂಡಳು. ಕ್ಯಾಂಪಿಗೆ ಕೇಬಲ್ ಇಂಟರ್ನೆಟ್ ಬರುವ ಮಾತೇ ಇರಲಿಲ್ಲ. ಅಣ್ಣನ ಬೀದಿಗೂ ಬಂದಿರಲಿಲ್ಲ, ಅಲ್ಲೂ ಸಿಮ್ಮಿನ ರೂಟರೇ. ಮೊದಲ ಸಂಜೆ ರೂಟರನ್ನು ಮೇಜಿನ ಮೇಲಿಟ್ಟಳು: ಒಂದು ಗೆರೆ. ಕಿಟಕಿಯಲ್ಲಿಟ್ಟಳು: ಎರಡು ಗೆರೆ. ಕೊನೆಗೆ ಕ್ಯಾಂಪಿನ ಎಲೆಕ್ಟ್ರಿಷಿಯನ್ನನ್ನು ಕರೆದು, ಕಂಟೇನರ್ ಪಕ್ಕದಲ್ಲಿ ಉದ್ದನೆಯ ಪೈಪು ನಿಲ್ಲಿಸಲು ಹೇಳಿದಳು.

“ಬಟ್ಟೆ ಒಣಹಾಕೋಕಾ ಮೇಡಂ?”

“ಅಲ್ಲ, ಲಾರಿ ಓಡಿಸೋಕೆ.”

ಆತ ಒಂದು ಗಳಿಗೆ ಅವಳ ಮುಖ ನೋಡಿ, ಹೆಚ್ಚು ಕೇಳದೆ ಪೈಪು ನಿಲ್ಲಿಸಿದ. ಮಳೆ ಬಿದ್ದರೂ ನೀರು ಹೋಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ರೂಟರ್ ಕೂರಿಸಿ ತುದಿಗೆ ಕಟ್ಟಿದರು. ಅಲ್ಲಿಂದ ವೈರು ಎಳೆದು ನೇರ ಕನ್ಸೋಲಿಗೆ ಚುಚ್ಚಿದರು. ಗೆರೆಗಳು ಪೂರ್ತಿ ತುಂಬಿದವು. ಗುಬ್ಬಿ ಅಣ್ಣನಿಗೆ ಫೋನು ಮಾಡಿ, “ರೂಮು ತೆಗಿ, ಬಂದೆ” ಎಂದಳು.

ಅವನು ಆಟದಲ್ಲಿ ಅವರಿಬ್ಬರದೇ ರೂಮು ತೆರೆದ. ಅವಳು ಒಳಹೋಗಲು ಒತ್ತಿದಳು. ತೆರೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ಸೇರಲು ಸಾಧ್ಯವಾಗಲಿಲ್ಲ ಎಂದಿತು. ಅವಳು ರೂಮು ತೆರೆದಳು, ಅವನು ಬರಲು ನೋಡಿದ. ಅದೇ ಚಕ್ರ, ಅದೇ ಮಾತು.

“ಏನೋ ಸರಿ ಇಲ್ಲ ಗುಬ್ಬಿ.”

“ತಡಿ, ಸರಿ ಮಾಡ್ತೀನಿ.”

ಮೊಬೈಲ್ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದಳು. ಅಲ್ಲಿನ ಹುಡುಗಿಯ ದನಿ ಜೇನಿನಂತಿತ್ತು. “ನಿಮ್ಮ ಸ್ಪೀಡ್ ತುಂಬಾ ಚೆನ್ನಾಗಿದೆ ಮೇಡಂ. ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ.”

“ಮಾಡಿದೆ.”

“ಇನ್ನೊಂದ್ಸಲ ಮಾಡಿ ನೋಡಿ.”

ಸ್ವಂತ ರೂಮು ಆಗದಿದ್ದರೇನು, ಆಟದ ಕಂಪನಿಯೇ ನಡೆಸುವ ಊರೆಲ್ಲರ ರಸ್ತೆಯೊಂದಿತ್ತು, ಅಲ್ಲಿಗೆ ಇಬ್ಬರೂ ಹೋಗಬಹುದಿತ್ತು. ಹೋದರು. ಅಲ್ಲಿ ಗುರುತು ಪರಿಚಯವಿಲ್ಲದವರು ಬಂದು ಬಂದು ಗುದ್ದುತ್ತಿದ್ದರು. ಆಟದೊಳಗಿನ ಮಾತು ಇಬ್ಬರಿಗೂ ಕೇಳಿಸದೆ, ಫೋನನ್ನು ಪಕ್ಕದಲ್ಲಿಟ್ಟು ಕಿರುಚಬೇಕಾಗುತ್ತಿತ್ತು. ಸಾಲದ್ದಕ್ಕೆ ಸಂಜೆ ಕೆಲಸಗಾರರೆಲ್ಲ ಕ್ಯಾಂಪಿಗೆ ಮರಳಿ ಫೋನು ತೆರೆದರೆಂದರೆ ಟವರು ಏದುಸಿರು ಬಿಡುತ್ತಿತ್ತು. ಅಣ್ಣನ ಲಾರಿ ಈಗ ಇಲ್ಲಿದ್ದದ್ದು ಮರುಕ್ಷಣ ಬೆಟ್ಟದ ಆಚೆ. ಗುಬ್ಬಿಯ ಮುಂದೆ ಬರೀ ಖಾಲಿ ರಸ್ತೆ.

“ಎಲ್ಲಿದೀಯ?”

“ನಿನ್ನ ಪಕ್ಕದಲ್ಲೇ ಇದೀನಲ್ಲ!”

“ನನಗೆ ಕಾಣಿಸ್ತಿಲ್ಲ ಅಣ್ಣ.”

ಒಂದು ಸಂಜೆ ಹೀಗೇ ತಿರುವಿನ ನಡುವೆ ಸಂಪರ್ಕ ಕಡಿದುಹೋಯಿತು. ಎಷ್ಟು ಒತ್ತಿದರೂ ಮರಳಿ ಬರಲಿಲ್ಲ. ಗುಬ್ಬಿ ಹೊರಗೋಡಿ ಪೈಪು ಅಲ್ಲಾಡಿಸಿದಳು, ಡಬ್ಬಿ ತಿರುಗಿಸಿದಳು. ಒಳಗೆ ಬಂದರೆ ಫೋನು ಹೊಡೆದುಕೊಳ್ಳುತ್ತಿತ್ತು. ಅತ್ತಿಗೆ.

“ಗುಬ್ಬಿ, ಅವರು ಎದುರು ಅಂಗಡಿ ವ್ಯಾನ್ ತಗೊಂಡು ಹೋದರು. ಕೀಲಿ ಅದರಲ್ಲೇ ಇತ್ತಂತೆ. ನಾನು ಕೂಗ್ತಾ ಇದ್ದೆ, ತಿರುಗಿ ನೋಡ್ಲಿಲ್ಲ.”

“ಮಾತ್ರೆ ತಗೊಂಡಿದ್ನಾ?”

“ತಗೊಂಡಿದ್ರು. ಆದ್ರೆ ಡಾಕ್ಟರ್ ಏನಂದಿದಾರೆ...”

ಅತ್ತಿಗೆ ಫೋನು ಹಿಡಿದೇ ಓಡುತ್ತಿದ್ದರು. ಚಪ್ಪಲಿಯ ಸದ್ದು, ಯಾರದೋ ಹಾರ್ನು, ಏದುಸಿರು. ಅಷ್ಟು ದೂರದಲ್ಲಿ ಡಬ್ಬದೊಳಗೆ ನಿಂತ ಗುಬ್ಬಿಗೆ ಮಾಡಲು ಏನೂ ಇರಲಿಲ್ಲ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದಳು. ಎಷ್ಟೋ ಹೊತ್ತಿನ ಮೇಲೆ ಅತ್ತಿಗೆಯ ದನಿ ಬಂತು.

“ಸಿಕ್ಕಿದ್ರು. ಬೀದಿ ಕೊನೇಲಿ ವ್ಯಾನ್ ನಿಲ್ಲಿಸಿ ಫುಟ್‌ಪಾತ್ ಮೇಲೆ ಕೂತಿದಾರೆ.”

ಫೋನು ಕೈ ಬದಲಾಯಿತು. ಅಣ್ಣನ ಉಸಿರು ಕೇಳಿಸಿತು.

“ಅಣ್ಣ?”

“ಒಂದು ಮಗು ರಸ್ತೆ ದಾಟ್ತಾ ಇತ್ತು ಗುಬ್ಬಿ. ಬ್ರೇಕ್ ಹಾಕಿದೆ. ಸರಿಯಾಗೇ ಹಾಕಿದೆ. ಆಮೇಲೆ ಮತ್ತೆ ಗೇರ್ ಹಾಕೋಕೆ ಆಗ್ಲಿಲ್ಲ, ಇಳಿದುಬಿಟ್ಟೆ. ನಾಳೆ ಸಂಜೆ ಬರ್ತೀಯಲ್ಲ?” ಎಂದ.

ಆ ದಿನದಿಂದ ಗುಬ್ಬಿಗೆ ಈ ಕೆಲಸ ಆಟವಾಗಿ ಉಳಿಯಲಿಲ್ಲ. ಊಟದ ಬಿಡುವಿನಲ್ಲಿ ಸೇತುವೆಯ ಕಂಬದ ನೆರಳಲ್ಲಿ ಕೂತು, ಇಂಥದೇ ತೊಂದರೆಯಲ್ಲಿ ಸಿಕ್ಕವರು ಇಂಟರ್ನೆಟ್ಟಿನಲ್ಲಿ ಬರೆದುಕೊಂಡದ್ದನ್ನೆಲ್ಲ ಓದಿದಳು. ಓದುತ್ತ ಓದುತ್ತ ವಿಷಯ ಬಿಡಿಸಿಕೊಂಡಿತು. ಮೊಬೈಲ್ ಕಂಪನಿಗಳು ಲೆಕ್ಕವಿಲ್ಲದಷ್ಟು ಗಿರಾಕಿಗಳನ್ನು ಒಂದೇ ಇಂಟರ್ನೆಟ್ ವಿಳಾಸದ ಹಿಂದೆ ಕೂರಿಸುತ್ತವೆ. ಒಳಗಿನವರು ಹೊರಗೆ ಹೋಗಿ ಬೇಕಾದ್ದು ತರಬಹುದು. ಹೊರಗಿನಿಂದ ಬಂದವರು ಇಂಥವರನ್ನು ನೋಡಬೇಕು ಎಂದರೆ ಗೇಟಿನಲ್ಲೇ ತಡೆ. ಅಣ್ಣ ಒಂದು ಗೇಟಿನ ಹಿಂದೆ, ಅವಳು ಇನ್ನೊಂದರ ಹಿಂದೆ. ಸ್ಪೀಡು ಎಷ್ಟಿದ್ದರೇನು? ಇಬ್ಬರಲ್ಲಿ ಒಬ್ಬರಿಗಾದರೂ ತನ್ನದೇ ವಿಳಾಸ, ಪಬ್ಲಿಕ್ ಐಪಿ ಎನ್ನುವುದು, ಸಿಕ್ಕರೆ ದಾರಿ ತೆರೆದೀತು.

ಅವಳ ಸಿಮ್ಮಿನ ಕಂಪನಿ ಸುತರಾಂ ಒಪ್ಪಲಿಲ್ಲ. ಅತ್ತಿಗೆಗೆ ಹೇಳಿದಳು.

“ಅದೇನು ಹೆಸರು? ಇನ್ನೊಂದ್ಸಲ ಹೇಳು” ಎಂದರು ಅತ್ತಿಗೆ. “ಪಬ್ಲಿಕ್ ಐಪಿ. ಆಯ್ತು. ಗಂಟು ಹಾಕ್ಕೊಂಡೆ.”

ಮರುದಿನ ಅಂಗಡಿಗೆ ಬೀಗ ಜಡಿದು, ತಮ್ಮ ಸಿಮ್ಮಿನ ಕಂಪನಿಯ ಕಚೇರಿಗೆ ಹೋಗಿ ಕೂತರು. ಮನೆಯ ಸಂಪರ್ಕಕ್ಕೆ ಅದನ್ನು ಕೊಡುವುದಿಲ್ಲ ಎಂದರು ಕೌಂಟರಿನವರು. ಅತ್ತಿಗೆ ಅಲ್ಲೇ ಕೂತು, ತಂದಿದ್ದ ಬ್ಲೌಸಿಗೆ ಹುಕ್ಕು ಹಾಕತೊಡಗಿದರು. ಒಂದು ಬ್ಲೌಸು ಮುಗಿದು ಇನ್ನೊಂದು ಶುರುವಾದಾಗ ಒಳಗಿನಿಂದ ಮ್ಯಾನೇಜರೇ ಬಂದ.

“ನಿಮಗೆ ಯಾಕಮ್ಮ ಅದು?”

“ನನ್ನ ಗಂಡ ರಸ್ತೆಗಿಳೀದೇ ಇರ್ಲಿ ಅಂತ.”

ಆತನಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ಕೇಳಿದ. ಕೇಳಿ, “ಅಂಗಡಿ ಇದೆ ಅಂದ್ರಲ್ಲ. ಅಂಗಡಿ ಹೆಸರಲ್ಲಿ ತಗೊಳ್ಳಿ, ಕೊಡೋಕೆ ಬರುತ್ತೆ. ರೂಟರ್ ಮಾತ್ರ ಅಂಗಡೀಲೇ ಇರಬೇಕು” ಎಂದ.

ಹೀಗಾಗಿ ಅಣ್ಣನ ಟಿವಿ, ಕನ್ಸೋಲ್, ಸ್ಟೀರಿಂಗ್ ಎಲ್ಲ ಮಹಡಿಯಿಂದ ಇಳಿದು ಹೊಲಿಗೆ ಅಂಗಡಿ ಸೇರಿದವು. ಅಳತೆ ಬೊಂಬೆಗಳ ನಡುವೆ, ಇಸ್ತ್ರಿ ಮೇಜಿನ ಪಕ್ಕದಲ್ಲಿ ಅವನಿಗೊಂದು ಜಾಗವಾಯಿತು. ರೂಟರಿಗೆ ಹೊಸ ಸೆಟ್ಟಿಂಗ್ ಹಾಕಬೇಕಿತ್ತು. ಅಣ್ಣನಿಗೆ ತಾಳ್ಮೆಯಿಲ್ಲ, ಅತ್ತಿಗೆಯೇ ಕೂತರು. ಗುಬ್ಬಿ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದಳು.

“ಚಿಕ್ಕಕ್ಷರ ಅತ್ತಿಗೆ, ನಡುವೆ ಜಾಗ ಬಿಡಬೇಡಿ.”

“ಬಿಟ್ಟಿಲ್ಲಮ್ಮ. ನಾನು ಕಾಜಾ ಹೊಲಿಯೋಳು, ಜಾಗ ಬಿಡ್ತೀನಾ?”

“ಈಗ ಕನ್ಸೋಲ್ ಹೆಸರಿನ ಮುಂದೆ ಟಿಕ್ ಹಾಕಿ, ಸೇವ್ ಒತ್ತಿ.”

“ಒತ್ತಿದೆ. ದೀಪ ಎಲ್ಲಾ ಹೋಯ್ತು!”

“ಬರುತ್ತೆ, ಗಾಬರಿ ಬೇಡ.”

ಬಂತು. ಟವರಿನ ನೂಕುನುಗ್ಗಲು ತಪ್ಪಿಸಲು ಬೆಳಗಿನ ಹೊತ್ತು ಆರಿಸಿಕೊಂಡರು, ಅವಳು ಪಾಳಿಗೆ ಹೋಗುವ ಮುಂಚೆ, ಅಂಗಡಿಯ ಗಿರಾಕಿಗಳು ಬರುವ ಮುಂಚೆ. ಮಾರನೇ ದಿನ ಅಣ್ಣ ರೂಮು ತೆರೆದ. ಗುಬ್ಬಿ ಒತ್ತಿದಳು. ಚಕ್ರ ತಿರುಗಿತು. ಅವಳು ಉಸಿರು ಹಿಡಿದಳು. ಆಮೇಲೆ ತೆರೆಯ ಮೇಲೆ ಮಂಜು ಕವಿದ ರಸ್ತೆ, ಅಂಚಿನಲ್ಲಿ ಇಂಜಿನ್ ಗುರುಗುಟ್ಟುತ್ತ ನಿಂತ ಒಂದು ಟ್ಯಾಂಕರು. ಹೆಡ್‌ಫೋನಿನಲ್ಲಿ, ಕಿವಿಯ ಪಕ್ಕದಲ್ಲೇ ಎಂಬಂತೆ, ಅಣ್ಣನ ದನಿ.

“ಸೀಟ್ ಬೆಲ್ಟ್ ಹಾಕ್ಕೊಂಡ್ಯಾ?”

ಗುಬ್ಬಿ ಜೋರಾಗಿ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಎಲ್ಲ ಸುಗಮವಾಯಿತೆಂದಲ್ಲ. ಗಾಳಿ ಜೋರಾದರೆ ಪೈಪು ಓಲಾಡಿ ಅವನ ಲಾರಿ ಕುಪ್ಪಳಿಸುತ್ತಿತ್ತು. ಆಟದ ಕಂಪನಿ ಹೊಸ ಅಪ್‌ಡೇಟ್ ಬಿಟ್ಟರೆ ಗುಬ್ಬಿಯ ತಿಂಗಳ ಡೇಟಾ ಒಂದೇ ಏಟಿಗೆ ಸ್ವಾಹಾ. ಆ ದಿನಗಳಲ್ಲಿ ಅಣ್ಣ ಅಂಗಡಿಯಲ್ಲಿ ಶತಪಥ ಹಾಕುತ್ತಿದ್ದ, ಇವಳು ಸೇತುವೆಯ ಮೇಲೆ ಒಂದೇ ಬೆಸುಗೆಯನ್ನು ಮತ್ತೆ ಮತ್ತೆ ನೋಡುತ್ತಿದ್ದಳು.

ಡಾಕ್ಟರನ್ನು ಕಾಣುವ ದಿನ ಬಂತು. ಗುಬ್ಬಿ ಎತ್ತರದ ಅಟ್ಟಣಿಗೆಯ ಮೇಲಿದ್ದಾಗ ಅತ್ತಿಗೆಯ ಫೋನು.

“ಫಿಟ್ಸ್ ಮತ್ತೆ ಬಂದಿಲ್ಲ, ಅದು ಒಳ್ಳೇದೇ ಅಂದ್ರು. ಆದ್ರೆ ಟ್ಯಾಂಕರ್ ಇನ್ನು ಮರೆತುಬಿಡಿ ಅಂದ್ರು ಗುಬ್ಬಿ. ಯಾವತ್ತಿಗೂ.”

“ಅವನೆಲ್ಲಿ?”

“ಅಂಗಡೀಲಿ. ಟಿವಿ ಮುಂದೆ ಕೂತಿದಾರೆ. ಹಾಕಿಲ್ಲ, ಸುಮ್ನೆ ಕೂತಿದಾರೆ.”

ಗುಬ್ಬಿ ಮೇಸ್ತ್ರಿಗೆ ಹೇಳಿ ಕೆಳಗಿಳಿದಳು. ಕಂಟೇನರ್ ಹಗಲಿನ ಬಿಸಿಲಿಗೆ ಒಲೆಯಾಗಿತ್ತು. ಬೆವರು ಸುರಿಸುತ್ತ ಕನ್ಸೋಲ್ ಹಾಕಿ ಅವನನ್ನು ಕರೆದಳು. ಬಂದ. ಇಬ್ಬರೂ ಬೆಟ್ಟ ಹತ್ತಿದರು. ಇಳಿಜಾರಿನಲ್ಲಿ ಅವನು ಇಂಡಿಕೇಟರ್ ಹಾಕಿ ಪಕ್ಕಕ್ಕೆ ನಿಲ್ಲಿಸಿದ. ಅವಳೂ ನಿಲ್ಲಿಸಿದಳು.

“ಗುಬ್ಬಿ, ಆವತ್ತು ವ್ಯಾನಲ್ಲಿ... ನಾನು ವಾಪಸ್ ಬರಬಾರದು ಅಂತಲೇ ಹೊರಟಿದ್ದೆ.”

“ಈಗ?”

“ಈಗ ಹಾಗಿಲ್ಲ. ಆದ್ರೆ ಒಳಗೆ ಏನೋ ಕೂರೋಕೆ ಬಿಡಲ್ಲ.”

“ಅದನ್ನ ಅತ್ತಿಗೆಗೆ ಹೇಳಿದೀಯಾ?”

“ಇಲ್ಲ.”

“ಹೇಳು. ಇವತ್ತೇ ಹೇಳು. ಡಾಕ್ಟರಿಗೂ ಹೇಳು.”

ಸಂಪರ್ಕ ಹೋಯಿತೇನೋ ಎಂದು ಗುಬ್ಬಿ ತೆರೆಯ ಮೂಲೆ ನೋಡಿದಳು. ಹೋಗಿರಲಿಲ್ಲ.

“ಡಿಪೋದಲ್ಲಿ ಗಾಡಿ ಕಳಿಸೋ ಕೆಲಸಕ್ಕೆ ಕರೀತಿದಾರೆ. ಯಾವ ಟ್ಯಾಂಕರ್ ಯಾವ ದಾರಿ ಅಂತ ನೋಡ್ಕೊಳ್ಳೋದು. ಸ್ಟೀರಿಂಗ್ ಮುಟ್ಟೋ ಹಾಗಿಲ್ಲ. ದಿನಾ ಕಣ್ಣೆದುರು ಹೋಗ್ತಾ ಇರ್ತವೆ. ನೋಡೋಕೆ ಆಗುತ್ತಾ ನನ್ನಿಂದ?”

“ಗೊತ್ತಿಲ್ಲ ಅಣ್ಣ. ಹೋಗಿ ನೋಡು. ಆಗ್ಲಿಲ್ಲ ಅಂದ್ರೆ ಬಿಟ್ಟು ಬಾ.”

“ಅಷ್ಟೇನಾ?”

“ಅಷ್ಟೇ.”

ಹೆಡ್‌ಫೋನಿನಲ್ಲಿ ಅವನು ಕುರ್ಚಿ ಹಿಂದೆ ಸರಿಸಿದ ಸದ್ದಾಯಿತು. “ಏ, ಇಲ್ಲಿ ಬಾ ಸ್ವಲ್ಪ” ಎಂದು ಅವನು ಅತ್ತಿಗೆಯನ್ನು ಕರೆದದ್ದು ಕೇಳಿಸಿತು. ಹೊಲಿಗೆ ಮಿಷನ್ನು ನಿಂತಿತು. ಗುಬ್ಬಿ ಹೆಡ್‌ಫೋನು ತೆಗೆದಿಟ್ಟು, ತನ್ನ ಲಾರಿಯನ್ನು ಅಲ್ಲೇ ರಸ್ತೆಬದಿಯಲ್ಲಿ ಬಿಟ್ಟು, ಹೆಲ್ಮೆಟ್ ತೊಟ್ಟು ಕೆಲಸಕ್ಕೆ ಹೊರಟಳು.